ಪಿತ್ತಕೋಶ ತೆಗೆಸಿಕೊಂಡ ಮೇಲೆ ಮನೆಯಲ್ಲಿ ಏನು, ಯಾವಾಗ, ಎಷ್ಟು: ಸಮಗ್ರ ಮಾರ್ಗದರ್ಶಿ

ಪಿತ್ತಕೋಶದ ಕಲ್ಲಿಗೆ ಆಪರೇಷನ್ ಮಾಡಿಸಿಕೊಂಡವರು ಮನೆಗೆ ಬಂದ ಮೇಲೆ ಎರಡು ರೀತಿಯಲ್ಲಿ ಎಡವುತ್ತಾರೆ. ಕೆಲವರು ಐದನೇ ದಿನಕ್ಕೇ ಕೊಡ ಎತ್ತುತ್ತಾರೆ, ಗಾಡಿ ಹತ್ತುತ್ತಾರೆ, ಸಂಜೆಗೆ ಮಿರ್ಚಿ ತರಿಸುತ್ತಾರೆ. ಇನ್ನು ಕೆಲವರು ತಿಂಗಳುಗಟ್ಟಲೆ ಗಂಜಿ ಕುಡಿದುಕೊಂಡು ಮಂಚ ಬಿಟ್ಟು ಏಳುವುದೇ ಇಲ್ಲ. ಇಬ್ಬರಿಗೂ ತಪ್ಪುವುದು ಕ್ರಮ. ಮೊದಲು ನಡಿಗೆ, ಆಮೇಲೆ ಊಟ, ಆಮೇಲೆ ಎಣ್ಣೆ, ಎಲ್ಲಕ್ಕೂ ಕೊನೆಗೆ ಭಾರ. ಬಳ್ಳಾರಿ, ರಾಯಚೂರು, ಕೊಪ್ಪಳದ ಮನೆಗಳಲ್ಲಿ ಈ ಕ್ರಮ ಹೇಗೆ ಪಾಲಿಸಬಹುದು ಅನ್ನುವುದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಇಲ್ಲಿ ಹೇಳಿರುವ ದಿನಗಳ ಲೆಕ್ಕ ಲ್ಯಾಪರೋಸ್ಕೋಪಿ, ಅಂದರೆ ಸಣ್ಣ ತೂತು ಹಾಕಿ ಮಾಡುವ ಆಪರೇಷನ್‌ಗೆ. ಹೊಟ್ಟೆ ಕೊಯ್ದು ಮಾಡಿದ್ದರೆ ಭಾರ ಮತ್ತು ದುಡಿಮೆಯ ಲೆಕ್ಕವನ್ನು ಎರಡು ಪಟ್ಟು ಇಟ್ಟುಕೊಳ್ಳಿ. ನಿಮ್ಮ ಸರ್ಜನ್ ಬೇರೆ ಹೇಳಿದ್ದರೆ ಅವರ ಮಾತೇ ಅಂತಿಮ.

ದೇಹದೊಳಗೆ ಬದಲಾಗುವುದು ಇಷ್ಟು. ಪಿತ್ತರಸ ತಯಾರಾಗುವುದು ಲಿವರ್‌ನಲ್ಲಿ, ಅದು ಮುಂದೆಯೂ ತಯಾರಾಗುತ್ತಲೇ ಇರುತ್ತದೆ. ಪಿತ್ತಕೋಶ ಅದನ್ನು ಕೂಡಿಟ್ಟುಕೊಂಡು ಊಟದ ಹೊತ್ತಿಗೆ ಬಿಡುತ್ತಿತ್ತು. ಈಗ ತೊಟ್ಟಿ ಇಲ್ಲದ ನಲ್ಲಿಯ ಹಾಗೆ, ರಸ ಸ್ವಲ್ಪ ಸ್ವಲ್ಪವೇ ಕರುಳಿಗೆ ನೇರ ಇಳಿಯುತ್ತದೆ. ಒಮ್ಮೆಲೇ ಜಾಸ್ತಿ ಎಣ್ಣೆ ಬಂದರೆ ಕೆಲವರಿಗೆ ಹೊಟ್ಟೆ ಉಬ್ಬುತ್ತದೆ, ಭೇದಿಯಾಗುತ್ತದೆ. ಊಟದ ನಿಯಮಗಳೆಲ್ಲ ಹುಟ್ಟುವುದು ಇಲ್ಲಿಂದ.

## ಮನೆಯಲ್ಲಿ ಮೊದಲೇ ಸಿದ್ಧವಿರಬೇಕಾದ್ದು

- ಜ್ವರ ನೋಡುವ ಥರ್ಮಾಮೀಟರ್. ಕೈ ಮುಟ್ಟಿ ನೋಡಿ ಹೇಳುವ ಜ್ವರ ಲೆಕ್ಕಕ್ಕಿಲ್ಲ.
- ಕೆಮ್ಮು, ಸೀನು ಬಂದಾಗ ಹೊಟ್ಟೆಗೆ ಒತ್ತಿ ಹಿಡಿಯಲು ಒಂದು ದಿಂಬು.
- ಮಂಚ. ನೆಲದ ಮೇಲಿನ ಹಾಸಿಗೆಯಿಂದ ಏಳುವಾಗ ಹೊಟ್ಟೆಗೆ ಜೋರು ಬೀಳುತ್ತದೆ. ನೂಲಿನ ಮಂಚ ಜೋತು ಬಿದ್ದಿದ್ದರೆ ಅದೂ ಬೇಡ.
- ಸಡಿಲ ಬಟ್ಟೆ. ಹೆಂಗಸರಿಗೆ ನೈಟಿ, ಗಂಡಸರಿಗೆ ಲುಂಗಿ. ಒಂದು ತೂತು ಹೊಕ್ಕುಳ ಹತ್ತಿರವೇ ಇರುತ್ತದೆ. ಲಂಗದ ಲಾಡಿ, ಪ್ಯಾಂಟಿನ ಬೆಲ್ಟು ಅಲ್ಲೇ ಉಜ್ಜುತ್ತವೆ. ಉಡದಾರವನ್ನು ಕೆಳಕ್ಕೆ ಇಳಿಸಿ ಕಟ್ಟಿ.
- ಕುಕ್ಕರಗಾಲಲ್ಲಿ ಕೂರುವ ಪಾಯಿಖಾನೆ ಇದ್ದರೆ, ಅದರ ಮೇಲಿಡುವ ಕಮೋಡ್ ಕುರ್ಚಿ. ಸಿಗದಿದ್ದರೆ ಹಿಡಿದು ಏಳಲು ಪಕ್ಕದಲ್ಲಿ ಗಟ್ಟಿಯಾದ ಸ್ಟೂಲ್.
- ಓಆರ್‌ಎಸ್ ಪೊಟ್ಟಣ ನಾಲ್ಕೈದು.
- ಒಂದು ಸಣ್ಣ ನೋಟ್‌ಬುಕ್. ದಿನಕ್ಕೆ ಎರಡು ಸಲ ಜ್ವರ, ಏನು ತಿಂದಿರಿ, ಎಷ್ಟು ಸಲ ಬಯಲಿಗೆ ಹೋದಿರಿ ಅಂತ ಬರೆಯಲು.

## ಹಂತ 1: ಆಸ್ಪತ್ರೆ ಬಿಡುವ ಮುನ್ನ ಐದು ಪ್ರಶ್ನೆ

ಡಿಸ್ಚಾರ್ಜ್ ದಿನ ಎಲ್ಲರಿಗೂ ಅವಸರ. ಬಿಲ್ಲು, ಮಾತ್ರೆ, ಗಾಡಿ ಅಂತ ಓಡಾಡುವುದರಲ್ಲಿ ಕೇಳಬೇಕಾದ್ದು ಉಳಿದುಬಿಡುತ್ತದೆ. ಪಕ್ಕದಲ್ಲಿ ಇರುವವರು ಇದನ್ನು ಕೇಳಿ ಬರೆದುಕೊಳ್ಳಲಿ.

ಒಂದು, ಹೊಲಿಗೆ ತಾನೇ ಕರಗುವುದಾ, ಬಿಚ್ಚಿಸಬೇಕಾ? ಬಿಚ್ಚಿಸುವುದಾದರೆ ಯಾವ ದಿನ?

ಎರಡು, ತೆಗೆದ ಪಿತ್ತಕೋಶವನ್ನು ಬಯಾಪ್ಸಿಗೆ ಕಳಿಸಿದ್ದೀರಾ, ರಿಪೋರ್ಟ್ ಯಾವಾಗ ಬರುತ್ತದೆ? ನಮ್ಮ ಜನ ಕಲ್ಲು ತುಂಬಿದ ಡಬ್ಬಿಯನ್ನು ಜೋಪಾನವಾಗಿ ಮನೆಗೆ ತಂದು ಬಂದವರಿಗೆಲ್ಲ ತೋರಿಸುತ್ತಾರೆ. ಆ ಡಬ್ಬಿಯಿಂದ ಉಪಯೋಗ ಏನೂ ಇಲ್ಲ. ಬೇಕಾದ್ದು ರಿಪೋರ್ಟ್. ಅಪರೂಪಕ್ಕೆ ಅದರಲ್ಲಿ ಕ್ಯಾನ್ಸರ್ ಸಿಗುವುದುಂಟು, ಸ್ಕ್ಯಾನಿಂಗ್‌ನಲ್ಲಿ ಅದು ಕಂಡಿರದೆಯೂ ಇರಬಹುದು.

ಮೂರು, ಪಿತ್ತನಾಳದಲ್ಲಿ ಸ್ಟೆಂಟ್, ಅಂದರೆ ನಾಳ ಮುಚ್ಚದಂತೆ ಒಳಗೆ ಇಡುವ ಸಣ್ಣ ಕೊಳವೆ, ಹಾಕಿದ್ದೀರಾ? ಆಪರೇಷನ್‌ಗೆ ಮುಂಚೆ ಬಾಯಿಂದ ಕೊಳವೆ ಇಳಿಸಿ ನಾಳದ ಕಲ್ಲು ತೆಗೆದಿದ್ದರೆ ಇದನ್ನು ಕೇಳಲೇಬೇಕು.

ನಾಲ್ಕು, ಸಕ್ಕರೆ ಕಾಯಿಲೆ, ಬಿಪಿ, ರಕ್ತ ತೆಳುವಾಗಿಸುವ ಮಾತ್ರೆ ಮತ್ತೆ ಯಾವತ್ತಿನಿಂದ ಶುರು ಮಾಡಬೇಕು, ಡೋಸ್ ಎಷ್ಟು?

ಐದು, ರಾತ್ರಿ ಹೊತ್ತು ತೊಂದರೆಯಾದರೆ ಯಾವ ನಂಬರಿಗೆ ಫೋನ್ ಮಾಡಬೇಕು?

ಪಕ್ಕೆಯಲ್ಲಿ ಡ್ರೈನ್ ಕೊಳವೆ ಇಟ್ಟೇ ಮನೆಗೆ ಕಳಿಸಿದ್ದರೆ ಚೀಲಕ್ಕೆ ಬರುವ ನೀರಿನ ಅಳತೆ ಮತ್ತು ಬಣ್ಣವನ್ನು ದಿನಾ ಬರೆಯಿರಿ. ಹಸಿರು ಅಥವಾ ಹಳದಿ ಕಂಡರೆ ಅದು ಪಿತ್ತರಸ ಇರಬಹುದು, ಅದೇ ದಿನ ಫೋನ್ ಮಾಡಿ.

## ಹಂತ 2: ಊರಿಗೆ ಹೋಗುವ ದಾರಿ

ಕಾರು ಅಥವಾ ವ್ಯಾನ್ ಆದರೆ ಒಳ್ಳೆಯದು. ಸೀಟ್ ಬೆಲ್ಟ್ ಮತ್ತು ಹೊಟ್ಟೆಯ ನಡುವೆ ದಿಂಬು ಇಡಿ. ಬಸ್ಸೇ ಗತಿ ಅಂದರೆ ಮುಂದಿನ ಅಥವಾ ನಡುವಿನ ಸೀಟು ಹಿಡಿಯಿರಿ, ಹಿಂದಿನ ಸೀಟು ಬೇಡ. ಗಂಟೆಗೊಮ್ಮೆ ಪಾದ ಮೇಲೆ ಕೆಳಗೆ ಆಡಿಸಿ, ಗಾಡಿ ನಿಂತಾಗ ಇಳಿದು ನಾಲ್ಕು ಹೆಜ್ಜೆ ನಡೆಯಿರಿ. ಬೈಕಿನ ಹಿಂದೆ ಕೂತು ಹೋಗುವುದು, ಟಂಟಂ, ಟ್ರ್ಯಾಕ್ಟರ್ ಯಾವುದೂ ಸದ್ಯಕ್ಕೆ ಬೇಡ.

## ಹಂತ 3: ಮೊದಲ ಮೂರು ದಿನ, ಏಳುವುದು ಮತ್ತು ನಡೆಯುವುದು

ಏಳುವುದಕ್ಕೂ ಒಂದು ಕ್ರಮವಿದೆ. ಮೊದಲು ಮೊಣಕಾಲು ಮಡಚಿ. ಇಡೀ ಮೈಯನ್ನು ಒಂದೇ ಬಾರಿಗೆ ಪಕ್ಕಕ್ಕೆ ಹೊರಳಿಸಿ. ಕಾಲುಗಳನ್ನು ಮಂಚದಿಂದ ಕೆಳಗೆ ಬಿಡಿ. ಕೈ ಊರಿ ಮೇಲೆ ಬನ್ನಿ. ಒಂದು ನಿಮಿಷ ಕೂತು, ತಲೆ ಸುತ್ತದಿದ್ದರೆ ನಿಲ್ಲಿ. ಮಲಗಿದಲ್ಲಿಂದ ನೆಟ್ಟಗೆ ಎದ್ದು ಕೂರುವುದು, ಯಾರಾದರೂ ಎರಡೂ ಕೈ ಹಿಡಿದು ಎಳೆಯುವುದು ಎರಡೂ ತಪ್ಪು.

ಬಲ ಭುಜದಲ್ಲಿ, ಕೆಲವರಿಗೆ ಎರಡೂ ಭುಜದಲ್ಲಿ ನೋವು ಬರುತ್ತದೆ. ಹೊಟ್ಟೆಗೆ ಮಾಡಿದ ಆಪರೇಷನ್‌ಗೆ ಭುಜ ಯಾಕೆ ನೋಯುತ್ತದೆ ಅಂತ ಮನೆಯವರು ಹೆದರುತ್ತಾರೆ. ಆಪರೇಷನ್ ಹೊತ್ತಿಗೆ ಹೊಟ್ಟೆಯೊಳಗೆ ಇಂಗಾಲದ ಡೈಆಕ್ಸೈಡ್ ತುಂಬಿ ಜಾಗ ಮಾಡಿಕೊಂಡಿರುತ್ತಾರೆ. ಉಳಿದ ಗ್ಯಾಸ್ ಎದೆ ಮತ್ತು ಹೊಟ್ಟೆ ನಡುವಿನ ಪರದೆಯನ್ನು ಕೆಣಕುತ್ತದೆ, ಅದರ ನೋವು ಭುಜದಲ್ಲಿ ಕಾಣಿಸುತ್ತದೆ. ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಭುಜಕ್ಕೆ ಬಿಸಿನೀರಿನ ಚೀಲ ಇಡಬಹುದು, ಗಾಯದ ಮೇಲೆ ಬೇಡ. ಈ ಗ್ಯಾಸ್ ಕರುಳಿನದಲ್ಲ, ಹಾಗಾಗಿ ಸೋಡಾ ಕುಡಿದರೆ, ಓಮಿನ ಕಾಳು ಅಗಿದರೆ ಇದು ಹೋಗುವುದಿಲ್ಲ. ಮೈ ಅದನ್ನು ತಾನೇ ಹೀರಿಕೊಳ್ಳಬೇಕು, ಓಡಾಡುತ್ತಿದ್ದರೆ ಆರಾಮ ಅನಿಸುತ್ತದೆ.

ಮನೆಗೆ ಬಂದ ದಿನದಿಂದಲೇ ಐದೈದು ನಿಮಿಷ, ದಿನಕ್ಕೆ ಐದಾರು ಸಲ ನಡೆಯಿರಿ. ಮೊದಲು ಮನೆಯೊಳಗೆ, ಆಮೇಲೆ ಅಂಗಳದಲ್ಲಿ. ಬೇಸಿಗೆಯಾದರೆ ಬೆಳಿಗ್ಗೆ ಎಂಟರೊಳಗೆ, ಸಂಜೆ ಆರರ ಮೇಲೆ. 40 ಡಿಗ್ರಿ ದಾಟುವ ನಮ್ಮ ಬಿಸಿಲಲ್ಲಿ ಹುಷಾರಿದ್ದವರೇ ಬಳಲುತ್ತಾರೆ. ನಡಿಗೆಯಿಂದ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಕಡಿಮೆಯಾಗುತ್ತದೆ. ಎಚ್ಚರವಿರುವಾಗ ಗಂಟೆಗೊಮ್ಮೆ ಹತ್ತು ಸಲ ದೀರ್ಘ ಉಸಿರು ಎಳೆದು ಬಿಡಿ. ಉಸಿರಿನ ವ್ಯಾಯಾಮಕ್ಕೆ ಆಸ್ಪತ್ರೆಯಲ್ಲಿ ಮೂರು ಚೆಂಡಿನ ಉಪಕರಣ ಕೊಟ್ಟಿದ್ದರೆ ಅದನ್ನು ಮಕ್ಕಳ ಕೈಗೆ ಆಟಕ್ಕೆ ಕೊಡದೆ ನೀವೇ ಬಳಸಿ.

ನೋವಿನ ಮಾತ್ರೆಯನ್ನು ಮೊದಲ ಎರಡು ಮೂರು ದಿನ ಹೇಳಿದ ಹೊತ್ತಿಗೆ ತಗೊಳ್ಳಿ. ನೋವು ತಡೆದುಕೊಂಡು ಮಲಗಿದವರು ನಡೆಯುವುದಿಲ್ಲ, ಉಸಿರೂ ಪೂರ್ತಿ ಎಳೆಯುವುದಿಲ್ಲ. ಪ್ಯಾರಾಸಿಟಮಾಲ್ 650 ಆದರೆ ಎರಡು ಮಾತ್ರೆಗಳ ನಡುವೆ ಕನಿಷ್ಠ 6 ಗಂಟೆ ಇರಲಿ, ದಿನಕ್ಕೆ ನಾಲ್ಕಕ್ಕಿಂತ ಜಾಸ್ತಿ ಬೇಡ. ಲಿವರ್ ತೊಂದರೆ ಇದ್ದವರು ಅದಕ್ಕೂ ಮುಂಚೆ ಡಾಕ್ಟರನ್ನು ಕೇಳಿ. ಮೆಡಿಕಲ್ ಶಾಪ್‌ನವರು ಕೈಗೆ ಕೊಡುವ ಬಿಡಿ ನೋವಿನ ಮಾತ್ರೆಗಳನ್ನು ಇದರ ಜೊತೆ ಸೇರಿಸಬೇಡಿ. ಮಲಬದ್ಧತೆಯಾದರೆ ತಿಣುಕಬೇಡಿ. ನೀರು ಜಾಸ್ತಿ ಮಾಡಿ, ಆಗದಿದ್ದರೆ ಡಾಕ್ಟರ್ ಹತ್ತಿರ ಮಲ ಮೆತ್ತಗಾಗುವ ಔಷಧಿ ಕೇಳಿ.

## ಹಂತ 4: ಗಾಯ ಮತ್ತು ಸ್ನಾನ

ಸಾಮಾನ್ಯವಾಗಿ ನಾಲ್ಕು ತೂತು ಇರುತ್ತವೆ, ಒಂದೊಂದು ಅರ್ಧದಿಂದ ಒಂದು ಸೆಂಟಿಮೀಟರ್. ಡಾಕ್ಟರ್ ಒಪ್ಪಿದ ಮೇಲೆ, ಹೆಚ್ಚಾಗಿ ಎರಡು ದಿನದ ನಂತರ, ತಂಬಿಗೆಯಿಂದ ಮೈಮೇಲೆ ನೀರು ಹಾಕಿಕೊಳ್ಳಬಹುದು. ಗಾಯ ಉಜ್ಜಬೇಡಿ, ಶುಭ್ರ ಬಟ್ಟೆಯಿಂದ ಒತ್ತಿ ಒರೆಸಿ.

ಅರಿಶಿನ, ಕೊಬ್ಬರಿ ಎಣ್ಣೆ, ಪೌಡರ್ ಏನನ್ನೂ ಹಚ್ಚಬೇಡಿ. ಗಾಯಕ್ಕೆ ಬೇಕಾದ್ದು ಒಣಗಿರುವುದು. ಬೆವರಿನ ದಿನಗಳಲ್ಲಿ ಹೊಕ್ಕುಳದ ಗಾಯವೇ ಮೊದಲು ಹಸಿಯಾಗುತ್ತದೆ, ಅದನ್ನು ದಿನಾ ನೋಡಿಕೊಳ್ಳಿ. ಕಾಲುವೆ, ಹೊಳೆ, ಬಾವಿ ಸ್ನಾನ ಗಾಯ ಪೂರ್ತಿ ಮಾಯುವ ತನಕ ಬೇಡ. ತುಂಗಭದ್ರೆ ದಡದ ಹುಲಿಗೆಮ್ಮನಿಗೆ ಹರಕೆ ಹೊತ್ತಿದ್ದರೆ ಸದ್ಯಕ್ಕೆ ದರ್ಶನ ಮಾಡಿಕೊಂಡು ಬನ್ನಿ. ಹೊಳೆಯಲ್ಲಿ ಮುಳುಗುವುದು ಒಂದು ತಿಂಗಳು ಕಳೆದ ಮೇಲಾಗಲಿ.

## ಹಂತ 5: ಊಟ, ನಾಲ್ಕು ಮೆಟ್ಟಿಲು

ಹೆಚ್ಚಿನವರು ಎಡವುವುದು ಇಲ್ಲೇ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲ ಮೆಟ್ಟಿಲು, ಒಂದೆರಡು ದಿನ. ನೀರು, ಎಳನೀರು, ತೆಳು ಗಂಜಿ, ಬೇಳೆ ಕಟ್ಟು, ಇಡ್ಲಿ. ವಾಂತಿ ಬರದಿದ್ದರೆ ಮುಂದಕ್ಕೆ ಹೋಗಿ.

ಎರಡನೇ ಮೆಟ್ಟಿಲು, ಮೊದಲ ವಾರದ ಉಳಿದ ದಿನ. ಮೆತ್ತಗೆ ಬೇಯಿಸಿದ ಅನ್ನ ಮತ್ತು ತಿಳಿಸಾರು, ಜೋಳದ ನುಚ್ಚು ಮಜ್ಜಿಗೆ, ಅಂಬಲಿ, ಹೆಸರು ಬೇಳೆ, ಬೇಯಿಸಿದ ಹೀರೇಕಾಯಿ, ಸೋರೆಕಾಯಿ, ಬಾಳೆಹಣ್ಣು, ಪಪ್ಪಾಯಿ. ಮಜ್ಜಿಗೆ ಬೆಣ್ಣೆ ತೆಗೆದದ್ದಾಗಿರಲಿ. ಎಮ್ಮೆ ಹಾಲಿನಲ್ಲಿ ಕೊಬ್ಬು ಹೆಚ್ಚುಕಡಿಮೆ ಶೇಕಡಾ 6ರಿಂದ 7 ಇರುತ್ತದೆ. ಕಾಯಿಸಿ, ಆರಿಸಿ, ಕೆನೆ ತೆಗೆದು ಕುಡಿಯಿರಿ.

ಜೋಳದ ರೊಟ್ಟಿ ತಿನ್ನಬಹುದಾ ಅಂತ ಎಲ್ಲರೂ ಕೇಳುತ್ತಾರೆ. ತಿನ್ನಬಹುದು. ರೊಟ್ಟಿಗೆ ಎಣ್ಣೆಯೇ ಬೇಕಿಲ್ಲವಲ್ಲ, ಈ ಆಪರೇಷನ್ ಆದವರಿಗೆ ಅದಕ್ಕಿಂತ ಹೊಂದುವ ಊಟ ಕಡಿಮೆ. ಮೊದಲು ಅರ್ಧ ಬಿಸಿ ರೊಟ್ಟಿ, ಬೇಳೆಯಲ್ಲಿ ನೆನೆಸಿ, ಚೆನ್ನಾಗಿ ಅಗಿದು ತಿನ್ನಿ. ಹೊಟ್ಟೆ ಉಬ್ಬದಿದ್ದರೆ ಮರುದಿನ ಒಂದು. ಕಟಕ್ ರೊಟ್ಟಿ ಎರಡನೇ ವಾರಕ್ಕಿರಲಿ. ತೊಂದರೆ ಕೊಡುವುದು ಹೆಚ್ಚಾಗಿ ರೊಟ್ಟಿಯ ಪಕ್ಕದಲ್ಲಿರುವುದು: ಎಣ್ಣೆಗಾಯಿ, ಮೇಲೆ ಸುರಿದುಕೊಳ್ಳುವ ಎಣ್ಣೆ, ಮತ್ತು ಚಟ್ನಿಪುಡಿ.

ಚಟ್ನಿಪುಡಿ ವಿಷಯದಲ್ಲಿ ನಮ್ಮ ಕಡೆ ದೊಡ್ಡ ತಪ್ಪು ತಿಳಿವಳಿಕೆ ಇದೆ. "ಎಣ್ಣೆ ಏನೂ ತಿಂದಿಲ್ಲ, ಬರೀ ಪುಡಿ ಹಚ್ಚಿಕೊಂಡು ತಿಂದೆ" ಅನ್ನುತ್ತಾರೆ. ಶೇಂಗಾ ತೂಕದಲ್ಲಿ ಸುಮಾರು ಅರ್ಧದಷ್ಟು ಎಣ್ಣೆಯೇ ಇದೆ. ಗುರೆಳ್ಳು, ಅಗಸೆಯೂ ಎಣ್ಣೆಕಾಳುಗಳೇ. ಕಣ್ಣಿಗೆ ಒಣಗಿ ಕಂಡರೂ ಹೊಟ್ಟೆಗೆ ಅದು ಎಣ್ಣೆಯೇ.

ಮೂರನೇ ಮೆಟ್ಟಿಲು, ಎರಡರಿಂದ ನಾಲ್ಕನೇ ವಾರ. ಈಗ ಎಣ್ಣೆ ಶುರು. ನಿಯಮ ಒಂದೇ: ಒಂದು ಸಲಕ್ಕೆ ಒಂದೇ ಹೊಸ ಪದಾರ್ಥ, ಎರಡು ದಿನ ಕಾದು ಮುಂದಿನದು. ಮೊದಲು ಪಲ್ಯಕ್ಕೆ ಒಂದು ಚಮಚ ಎಣ್ಣೆಯ ಒಗ್ಗರಣೆ. ಆಮೇಲೆ ಬೇಯಿಸಿದ ಮೊಟ್ಟೆ. ಆಮೇಲೆ ಚರ್ಮ ತೆಗೆದ ಕೋಳಿಯ ಎರಡು ತುಂಡು. ಆಮೇಲೆ ಒಂದು ಚಮಚ ಶೇಂಗಾ ಪುಡಿ. ಪುಂಡಿ ಪಲ್ಯ, ಖಾರ ಚಟ್ನಿ ನಿಮಗೆ ಒಗ್ಗುತ್ತಾ ಅಂತ ಇದೇ ರೀತಿ ನೋಡಿ. ತೊಂದರೆ ಕೊಟ್ಟಿದ್ದನ್ನು ನೋಟ್‌ಬುಕ್‌ನಲ್ಲಿ ಬರೆದು ಎರಡು ವಾರ ಬಿಟ್ಟು ಮತ್ತೆ ಪ್ರಯತ್ನಿಸಿ. ಒಮ್ಮೆ ಆಗಲಿಲ್ಲ ಅಂದರೆ ಜೀವಮಾನಕ್ಕೆ ಬಿಡಬೇಕಿಲ್ಲ.

ನಾಲ್ಕನೇ ಮೆಟ್ಟಿಲು, ಒಂದು ತಿಂಗಳ ನಂತರ. ಹೆಚ್ಚಿನವರು ಮನೆಯ ಮಾಮೂಲಿ ಊಟಕ್ಕೆ ಮರಳಬಹುದು. ಮಂಡಾಳ ಒಗ್ಗರಣೆ ಜೊತೆ ಮಿರ್ಚಿ ಬೇಕೇ ಬೇಕು ಅಂದರೆ ಒಂದು ತಿಂದು ನೋಡಿ, ಮೇಲಿನ ಹಿಟ್ಟಿನ ಅರ್ಧ ಬಿಟ್ಟು. ಕೊಪ್ಪಳದ ಗವಿಸಿದ್ಧೇಶ್ವರ ಅಜ್ಜನ ಜಾತ್ರೆಗೆ ಹೋದರೆ ದಾಸೋಹದಲ್ಲಿ ರೊಟ್ಟಿ, ಪಲ್ಯ, ಅನ್ನ, ಸಾರು ಧಾರಾಳವಾಗಿ ಊಟ ಮಾಡಿ. ಮಿರ್ಚಿ ಪ್ರಸಾದ ಅಂತ ಒಂದು ತುಣುಕು ಮುರಿದುಕೊಂಡರೆ ಅಜ್ಜ ಏನೂ ಸಿಟ್ಟಾಗುವುದಿಲ್ಲ.

ಹಿರಿಯರ ಪ್ರೀತಿಯಿಂದ ಆಗುವ ತಪ್ಪು ಇನ್ನೊಂದು. "ರಕ್ತ ಹೋಗಿದೆ, ಶಕ್ತಿ ಬರಲಿ" ಅಂತ ಮೊದಲ ವಾರವೇ ಅಂಟಿನ ಉಂಡಿ, ತುಪ್ಪದ ಅನ್ನ, ಕಾಲ್ ಸೂಪು ಕೊಡುತ್ತಾರೆ. ಅತ್ತೆಯವರಿಗೆ ಬೇಡ ಅನ್ನಲು ಸೊಸೆಗೆ ಸಂಕೋಚ. ಅದಕ್ಕೇ ಡಾಕ್ಟರ್ ಬಾಯಿಂದಲೇ, ಅತ್ತೆಯವರ ಎದುರಿಗೇ ಹೇಳಿಸಿ.

ದಿನಕ್ಕೆ ಮೂರು ದೊಡ್ಡ ಊಟದ ಬದಲು ಐದು ಸಣ್ಣ ಊಟ ಮಾಡಿ. ಶ್ರಾವಣ ಸೋಮವಾರ, ರಂಜಾನ್ ಉಪವಾಸ ಈ ಹೊತ್ತಿಗೇ ಬಂದರೆ ಮೊದಲ ತಿಂಗಳು ಬಿಡಿ. ದಿನವಿಡೀ ಖಾಲಿ ಹೊಟ್ಟೆಯಲ್ಲಿದ್ದು ರಾತ್ರಿ ಕರಿದದ್ದು ತಿಂದರೆ ಹೊಟ್ಟೆ ಕೆಡುವುದೇ ಜಾಸ್ತಿ.

## ಹಂತ 6: ಭೇದಿ ಶುರುವಾದರೆ

ಊಟವಾದ ತಕ್ಷಣ ಓಡಬೇಕಾಗುವುದು, ನೀರು ನೀರಾಗಿ ಹೋಗುವುದು ಮೊದಲ ವಾರಗಳಲ್ಲಿ ಕೆಲವರಿಗೆ ಆಗುತ್ತದೆ. ಪಿತ್ತರಸ ದೊಡ್ಡ ಕರುಳಿಗೆ ಜಾಸ್ತಿ ಇಳಿದರೆ ಹೀಗಾಗುತ್ತದೆ. ಎರಡು ದಿನ ಎರಡನೇ ಮೆಟ್ಟಿಲಿಗೆ ಇಳಿಯಿರಿ, ಓಆರ್‌ಎಸ್ ಕುಡಿಯಿರಿ, ಕಾಫಿ ಮತ್ತು ಚಹಾ ಕಡಿಮೆ ಮಾಡಿ. ಬೇಸಿಗೆಯಲ್ಲಿ ಬೆವರೂ ಸೇರಿ ನೀರು ಬೇಗ ಹೋಗುತ್ತದೆ. ಮೂತ್ರ ಕಡಿಮೆಯಾದರೆ, ನಾಲಿಗೆ ಒಣಗಿದರೆ ಕಾಯಬೇಡಿ.

ನಾಲ್ಕು ವಾರ ದಾಟಿದರೂ ನಿಲ್ಲದಿದ್ದರೆ ಸಹಿಸಿಕೊಂಡು ಕೂರಬೇಡಿ. ಹೆಚ್ಚಾದ ಪಿತ್ತವನ್ನು ಕರುಳಿನಲ್ಲೇ ಹಿಡಿದಿಡುವ ಔಷಧಿಗಳಿವೆ. ಭೇದಿಯಲ್ಲಿ ರಕ್ತ ಇದ್ದರೆ, ಜ್ವರ ಇದ್ದರೆ ಅದೇ ದಿನ ತೋರಿಸಿ.

## ಹಂತ 7: ಭಾರ, ಗಾಡಿ, ದುಡಿಮೆ

ಹೊರಗಿನ ತೂತು ಸಣ್ಣದು ಅಷ್ಟೇ, ಒಳಗೆ ಆಗಿರುವ ಕೆಲಸ ಹೊಟ್ಟೆ ಕೊಯ್ದು ಮಾಡುವಷ್ಟೇ. ಮೇಲಿನ ಚರ್ಮ ವಾರದಲ್ಲಿ ಕೂಡುತ್ತದೆ. ಕೆಳಗಿನ ಗಟ್ಟಿ ಪದರಕ್ಕೆ ವಾರಗಳೇ ಬೇಕು. ಅದಕ್ಕೂ ಮುಂಚೆ ಜೋರು ಹಾಕಿದರೆ ಹೊಕ್ಕುಳ ಹತ್ತಿರ ಹರ್ನಿಯಾ, ಅಂದರೆ ಒಳಗಿನದು ಹೊರಕ್ಕೆ ಉಬ್ಬಿ ಬರುವುದು, ಆಗಬಹುದು.

ಎರಡು ವಾರ 4-5 ಕಿಲೋಗಿಂತ ಜಾಸ್ತಿ ಎತ್ತಬೇಡಿ. ಮನೆಯಲ್ಲಿ ಯಾರೂ ತೂಕ ಹಾಕಿ ಎತ್ತುವುದಿಲ್ಲ, ಅದಕ್ಕೆ ಈ ಲೆಕ್ಕ: ಶುದ್ಧ ನೀರಿನ ಘಟಕದಿಂದ ತರುವ 20 ಲೀಟರ್ ಕ್ಯಾನ್ ಅಂದರೆ 20 ಕಿಲೋ. ಮನೆಯ ತುಂಬಿದ ಗ್ಯಾಸ್ ಸಿಲಿಂಡರ್ ಸುಮಾರು 30 ಕಿಲೋ. ಒಂದು ವರ್ಷದ ಕೂಸು ಸುಮಾರು 9 ಕಿಲೋ. ತಾಯಂದಿರು ಕೂತ ಮೇಲೆ ಮಗುವನ್ನು ಬೇರೆಯವರು ತಂದು ತೊಡೆಗೆ ಕೊಡಲಿ, ಬಗ್ಗಿ ಎತ್ತಿಕೊಳ್ಳಬೇಡಿ.

ಅಡುಗೆ ಮನೆಗೆ ಮರಳುವಾಗಲೂ ಕ್ರಮ ಇರಲಿ. ಮೊದಲ ವಾರದ ನಂತರ ನಿಂತು ಮಾಡುವ ಸಣ್ಣ ಅಡುಗೆ. ಎರಡು ವಾರದ ಮೇಲೆ ಪಾತ್ರೆ, ಕಸ. ರೊಟ್ಟಿ ಬಡಿಯುವುದು ಹಗುರ ಕೆಲಸ ಅಂತ ಯಾರಾದರೂ ಅಂದರೆ ಅವರಿಗೇ ಹಿಟ್ಟು ನಾದಲು ಹೇಳಿ. ತೋಳಿನ ಬಲ ಬರುವುದು ಹೊಟ್ಟೆಯಿಂದಲೇ. ಮೂರು ವಾರದ ಮೇಲೆ, ಮೊದಲು ನಾಲ್ಕೈದು ರೊಟ್ಟಿ, ಅಡುಗೆ ಕಟ್ಟೆಯ ಮುಂದೆ ನಿಂತು. ಬಟ್ಟೆ ಒಗೆದು ಹಿಂಡುವುದು ಒಂದು ತಿಂಗಳ ನಂತರ.

ಬೈಕಿಗೆ ಒಂದೆರಡು ವಾರ ಕಾಯಿರಿ. ನಿದ್ದೆ ತರುವ ನೋವಿನ ಮಾತ್ರೆ ಪೂರ್ತಿ ನಿಂತಿರಬೇಕು. ನಿಂತ ಗಾಡಿಯಲ್ಲಿ ಕೂತು ಗಬಕ್ಕನೆ ಬ್ರೇಕ್ ಒತ್ತಿ ನೋಡಿ. ನೋವಿಗೆ ಕಾಲು ಹಿಂದೆ ಬಂದರೆ ಇನ್ನೂ ಹೊತ್ತಿದೆ. ಕಿಕ್ ಹೊಡೆಯುವುದು, ಗಾಡಿಯನ್ನು ದೊಡ್ಡ ಸ್ಟ್ಯಾಂಡಿಗೆ ಎಳೆಯುವುದು ಓಡಿಸುವುದಕ್ಕಿಂತ ಕಷ್ಟ, ಅದನ್ನು ಬೇರೆಯವರು ಮಾಡಲಿ.

ಕೂತು ಮಾಡುವ ಕೆಲಸಕ್ಕೆ ಒಂದರಿಂದ ಎರಡು ವಾರದಲ್ಲಿ ಹೋಗಬಹುದು. ಭತ್ತದ ಚೀಲ ಹೊರುವುದು, ಬೆನ್ನಿಗೆ ಔಷಧಿ ಪಂಪ್ ಕಟ್ಟಿ ಸಿಂಪಡಿಸುವುದು, ಗಣಿ ಮತ್ತು ಇಟ್ಟಿಗೆ ಭಟ್ಟಿ ಕೆಲಸಕ್ಕೆ ನಾಲ್ಕರಿಂದ ಆರು ವಾರ. ಹತ್ತಿ ಬಿಡಿಸುವುದು ಹಗುರ ಅನಿಸಿದರೂ ದಿನವಿಡೀ ಬಗ್ಗಬೇಕು, ಸೊಂಟಕ್ಕೆ ಮಡಿಲು ಕಟ್ಟಬೇಕು. ಅದಕ್ಕೂ ಒಂದು ತಿಂಗಳು ಕೊಡಿ. ಗಂಡ ಹೆಂಡತಿ ಕೂಡುವುದಕ್ಕೆ ಎರಡು ವಾರದ ಮೇಲೆ, ನೋವಿಲ್ಲದಿದ್ದರೆ ಅಡ್ಡಿಯಿಲ್ಲ.

ಹೊಟ್ಟೆಗೆ ಬೆಲ್ಟ್ ಬೇಕಾ? ಡಾಕ್ಟರ್ ಹೇಳಿದ್ದರೆ ಹಾಕಿ. ಬೆಲ್ಟ್ ಹಾಕಿದ್ದೇನೆ ಅಂತ ಕ್ಯಾನ್ ಎತ್ತಲು ಹೋಗಬೇಡಿ.

## ಹಂತ 8: ಇವು ಕಂಡರೆ ಕಾಯಬಾರದು

ಮೂಲ ಸೂತ್ರ ಒಂದು ನೆನಪಿಡಿ. ಇವತ್ತಿನ ನೋವು ನಿನ್ನೆಗಿಂತ ಕಡಿಮೆ ಇರಬೇಕು. ಇಳಿಯುತ್ತಿದ್ದ ನೋವು ಮತ್ತೆ ಏರಿದರೆ ಅದು ಸೂಚನೆ.

- 100.4 ಫ್ಯಾರನ್‌ಹೀಟ್ ದಾಟಿದ ಜ್ವರ, ಚಳಿ ನಡುಕ.
- ಹೊಟ್ಟೆ ಗಟ್ಟಿಯಾಗಿ ಉಬ್ಬುವುದು, ನಿಲ್ಲದ ವಾಂತಿ, ಗಾಳಿಯೂ ಹೋಗದಿರುವುದು.
- ಗಾಯದಿಂದ ಕೀವು, ಸುತ್ತ ಹರಡುವ ಕೆಂಪು, ನಿಲ್ಲದ ರಕ್ತ.
- ಒಂದೇ ಮೀನಖಂಡದಲ್ಲಿ ಬಾವು, ನೋವು.
- ಎದೆ ನೋವು, ಉಸಿರು ಕಟ್ಟುವುದು. ಇದನ್ನು ಗ್ಯಾಸ್ ಅಂದುಕೊಂಡು ಮಲಗಬೇಡಿ, 108ಕ್ಕೆ ಫೋನ್ ಮಾಡಿ.
- ಕಣ್ಣು ಹಳದಿ, ಮೂತ್ರ ಕಡು ಹಳದಿ ಅಥವಾ ಚಹಾ ಬಣ್ಣ, ಮಲ ಸುಣ್ಣದಂತೆ ಬಿಳಿಚಿಕೊಳ್ಳುವುದು, ಮೈ ತುರಿಕೆ.

ಕೊನೆಯದನ್ನು ಬಿಡಿಸಿ ಹೇಳಲೇಬೇಕು. ಕಣ್ಣು ಹಳದಿಯಾದರೆ ನಮ್ಮ ಕಡೆ ಮೊದಲು ನೆನಪಾಗುವುದು ಕಾಮಣಿಗೆ ಔಷಧಿ ಕೊಡುವವರು. ಸೊಪ್ಪಿನ ರಸ, ಮೂರು ದಿನದ ಪಥ್ಯ, ಕೆಲವು ಕಡೆ ಬರೆ. ವೈರಸ್‌ನಿಂದ ಬರುವ ಕಾಮಾಲೆ ಎಷ್ಟೋ ಜನರಿಗೆ ತಾನಾಗೇ ಇಳಿಯುತ್ತದೆ, ಹೆಸರು ಔಷಧಿಗೆ ಬರುತ್ತದೆ. ಪಿತ್ತಕೋಶ ತೆಗೆದ ಮೇಲೆ ಬರುವ ಕಾಮಾಲೆಯ ಕಥೆಯೇ ಬೇರೆ. ನಾಳದಲ್ಲಿ ಕಲ್ಲು ಉಳಿದಿರಬಹುದು, ನಾಳಕ್ಕೆ ಪೆಟ್ಟಾಗಿರಬಹುದು, ಪಿತ್ತ ಹೊಟ್ಟೆಯೊಳಗೆ ಸೋರುತ್ತಿರಬಹುದು. ಯಾವ ಸೊಪ್ಪಿನ ರಸವೂ ಮುಚ್ಚಿದ ನಾಳವನ್ನು ತೆರೆಯುವುದಿಲ್ಲ. ಜ್ವರವೂ ಸೇರಿದರೆ ಸೋಂಕು ರಕ್ತಕ್ಕೆ ಏರಿ ಜೀವಕ್ಕೇ ಬರುತ್ತದೆ.

ಆಪರೇಷನ್ ಮಾಡಿದ ಆಸ್ಪತ್ರೆಗೇ ಹೋಗಿ. ಆಗದಿದ್ದರೆ ಬಳ್ಳಾರಿ, ರಾಯಚೂರು, ಕೊಪ್ಪಳದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗೆ. ಡಿಸ್ಚಾರ್ಜ್ ಕಾರ್ಡ್, ಸ್ಕ್ಯಾನಿಂಗ್ ರಿಪೋರ್ಟ್ ಜೊತೆಗಿರಲಿ. ಬಾಯಿಂದ ಕೊಳವೆ ಇಳಿಸಿ ನಾಳದ ಕಲ್ಲು ತೆಗೆಯುವ ವ್ಯವಸ್ಥೆ ಎಲ್ಲ ಕಡೆ ಇರುವುದಿಲ್ಲ. ಬೇರೆ ಊರಿಗೆ ಕಳಿಸಬೇಕಾದರೂ ಆ ದಾರಿ ಶುರುವಾಗುವುದು ಇಲ್ಲಿಂದಲೇ. ಪಥ್ಯಕ್ಕೆ ಕಳೆದ ಮೂರು ದಿನ ಆಗ ದುಬಾರಿಯಾಗುತ್ತದೆ.

## ಹಂತ 9: ಮರು ತಪಾಸಣೆ

ಸಾಮಾನ್ಯವಾಗಿ ಏಳರಿಂದ ಹತ್ತು ದಿನದೊಳಗೆ ಕರೆಯುತ್ತಾರೆ. ಹುಷಾರಾಗಿದ್ದೇನೆ, ಬಸ್ ಚಾರ್ಜ್ ಯಾಕೆ ದಂಡ ಅಂತ ಬಿಡಬೇಡಿ. ಹೊಲಿಗೆ ತೋರಿಸಿ, ನೋಟ್‌ಬುಕ್ ತೋರಿಸಿ, ಬಯಾಪ್ಸಿ ರಿಪೋರ್ಟ್ ಕೈಗೆ ತಗೊಂಡು "ಇದರಲ್ಲಿ ಏನಿದೆ" ಅಂತ ಕೇಳಿ. ರಿಪೋರ್ಟ್ ಇನ್ನೂ ಬಂದಿಲ್ಲ ಅಂದರೆ ಯಾವತ್ತು ಬರುತ್ತದೆ ಅಂತ ಬರೆಸಿಕೊಂಡು ಬನ್ನಿ.

ಕೆಮ್ಮಿದಾಗ ಹೊಕ್ಕುಳ ಹತ್ತಿರ ಉಬ್ಬು ಕಂಡರೆ ಈಗಲೇ ಹೇಳಿ. ತಿಂಗಳುಗಳ ನಂತರ ಹಳೆಯ ಜಾಗದಲ್ಲೇ, ಬಲ ಪಕ್ಕೆಯ ಕೆಳಗೆ, ಮೊದಲಿನಂಥದೇ ನೋವು ಬಂದರೆ "ಪಿತ್ತಕೋಶವೇ ಇಲ್ಲವಲ್ಲ" ಅಂತ ತಳ್ಳಿಹಾಕಬೇಡಿ. ನಾಳದಲ್ಲಿ ಕಲ್ಲು ಇರಬಹುದು. ಲಿವರ್ ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಮಾಡಿಸಿದರೆ ಗೊತ್ತಾಗುತ್ತದೆ.

ಸ್ಟೆಂಟ್ ಇದ್ದವರು ತೆಗೆಸುವ ತಾರೀಖನ್ನು ಗೋಡೆಯ ಕ್ಯಾಲೆಂಡರ್ ಮೇಲೆ ದೊಡ್ಡದಾಗಿ ಬರೆಯಿರಿ, ಮಗನ ಮೊಬೈಲಿನಲ್ಲೂ ಅಲಾರಾಂ ಇಡಿಸಿ. ಪ್ಲಾಸ್ಟಿಕ್ ಸ್ಟೆಂಟನ್ನು ಸಾಮಾನ್ಯವಾಗಿ ಮೂರು ತಿಂಗಳೊಳಗೆ ತೆಗೆಯುತ್ತಾರೆ ಅಥವಾ ಬದಲಿಸುತ್ತಾರೆ. ಮರೆತರೆ ಅದು ಕಟ್ಟಿಕೊಂಡು ಕಾಮಾಲೆ, ಜ್ವರ ಎರಡೂ ಬರುತ್ತವೆ. ನೋವಿಲ್ಲದ ಕಾರಣಕ್ಕೇ ಅದು ಮರೆತುಹೋಗುತ್ತದೆ.